ದನಿಪಟ್ಟಿಯ ತಾಳಮದ್ದಳೆ

ಮೊದಲು ಬಂದದ್ದು ಮಾತಲ್ಲ, ಗಂಟಲು ಸರಿಮಾಡಿಕೊಂಡ ಸದ್ದು.

ಉಡುಪಿಯ ಆ ಪ್ರಯೋಗಾಲಯದಲ್ಲಿದ್ದವರೆಲ್ಲ ಉಸಿರು ಹಿಡಿದು ನಿಂತರು. ಕುರ್ಚಿಯಲ್ಲಿ ಕುಳಿತಿದ್ದ ಬೆಳ್ಮಾರು ಸಂಪತ್ ಶೆಟ್ಟಿಗಾರರಿಗೆ ಸರಿಮಾಡಿಕೊಳ್ಳಲು ಗಂಟಲಿನ ಆ ಭಾಗವೇ ಇರಲಿಲ್ಲ. ಹೊಗೆಸೊಪ್ಪು ತನ್ನ ಕೆಲಸ ಮಾಡಿ, ವೈದ್ಯರು ಧ್ವನಿಪೆಟ್ಟಿಗೆಯನ್ನು ಕೊಯ್ದು ತೆಗೆದು ನಾಲ್ಕು ವರ್ಷ ಕಳೆದಿತ್ತು. ಸದ್ದು ಬಂದದ್ದು ಅವರ ಕುತ್ತಿಗೆಗೆ ಅಂಟಿಸಿದ್ದ ತೆಳ್ಳನೆಯ ಪಟ್ಟಿಯೊಂದರಿಂದ. ಹೀಗೆ ಗಂಟಲು ಸರಿಮಾಡಿಕೊಳ್ಳಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಪಟ್ಟಿಯನ್ನು ಕಂಡುಹಿಡಿದವಳು ಜೋಯ್ಲಿನ್ ಮಥಾಯಸ್. ಮನುಷ್ಯ ಮಾತಾಡಬೇಕೆಂದು ಬಯಸಿದ ಕೂಡಲೇ ಮಿದುಳು ಗಂಟಲಿನ ಸ್ನಾಯುಗಳಿಗೆ ನರಗಳ ಮೂಲಕ ಅತಿ ಸಣ್ಣ ವಿದ್ಯುತ್ ಸಂದೇಶಗಳನ್ನು ಕಳಿಸುತ್ತದೆ. ಧ್ವನಿಪೆಟ್ಟಿಗೆ ಹೋದರೂ ಸಂದೇಶ ನಿಲ್ಲುವುದಿಲ್ಲ. ಮನೆ ಕೆಡವಿದ ಮೇಲೂ ಅಂಚೆಯಣ್ಣ ಅದೇ ವಿಳಾಸಕ್ಕೆ ಬಂದು ನಿಲ್ಲುವ ಹಾಗೆ, ಮಿದುಳು ಇಲ್ಲದ ಕಂಠಕ್ಕೆ ವರ್ಷಗಟ್ಟಲೆ ಅಪ್ಪಣೆ ಕೊಡುತ್ತಲೇ ಇರುತ್ತದೆ. ಹಿಂದಿನ ಯಂತ್ರಗಳು ಆ ಸಂದೇಶದಿಂದ ಪದಗಳನ್ನಷ್ಟೇ ಊಹಿಸಿ, ರೈಲುನಿಲ್ದಾಣದ ಪ್ರಕಟಣೆಯ ಧಾಟಿಯಲ್ಲಿ ಒದರುತ್ತಿದ್ದವು. ಜೋಯ್ಲಿನ್‌ಳ ದನಿಪಟ್ಟಿ ಅಪ್ಪಣೆಯನ್ನು ಇಡಿಯಾಗಿ ಓದುತ್ತಿತ್ತು. ಏರಿಳಿತ, ತಡವರಿಕೆ, ವ್ಯಂಗ್ಯ, ಸಿಟ್ಟು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಳೆದುಕೊಳ್ಳುವ ಉಸಿರು, ಎಲ್ಲವೂ ಅದರಲ್ಲಿತ್ತು. ಹತ್ತು ವರ್ಷ ಅದೊಂದನ್ನೇ ಮಾಡಿದ್ದ ಜೋಯ್ಲಿನ್‌ಳಿಗೂ ಆ ಗಂಟಲಸದ್ದಿಗೆ ಮೈ ಜುಮ್ಮೆಂದಿತು.

ಶೆಟ್ಟಿಗಾರರು ಬಾಯಿ ತೆರೆದರು. ಹಳೆಯ ಧ್ವನಿಮುದ್ರಿಕೆಗಳಿಂದ ಹೊಸೆದ ಅವರದೇ ದನಿ ಕೋಣೆಯನ್ನು ತುಂಬಿತು.

"ಮಿಥುನ ಎಲ್ಲಿದ್ದಾನೆ?"

ಪಕ್ಕದಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯ ಮುಖ ಚಿಕ್ಕದಾಯಿತು. "ನಾಲ್ಕು ವರ್ಷದ ಮೇಲೆ ಬಾಯಿ ಬಂತು, ನೆನಪಾದ್ದು ಅವರ ಹೆಸರು! ನಾನು ಇಲ್ಲಿ ಕಂಬ ಅಲ್ವಾ ನಿಂತದ್ದು?" ಎಂದರು.

ಮಿಥುನ ಎಂದರೆ ಪಡುಬೈಲು ಮಿಥುನ ಉಪಾಧ್ಯಾಯರು. ಇಬ್ಬರೂ ತಾಳಮದ್ದಳೆಯ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ ಹಾಡಿದರೆ, ಎದುರುಬದುರು ಕುಳಿತವರು ಪುರಾಣದ ಪಾತ್ರಗಳಾಗಿ ಕುಳಿತಲ್ಲೇ ಮಾತು ಹುಟ್ಟಿಸಿ ವಾದಿಸಬೇಕು. ಮರದ ಮರೆಯಿಂದ ಬಾಣ ಬಿಟ್ಟ ರಾಜಕುಮಾರನಾಗಿ ಉಪಾಧ್ಯಾಯರು, ಬಾಣ ತಿಂದು ಬಿದ್ದ ಕಪಿರಾಜನಾಗಿ ಶೆಟ್ಟಿಗಾರರು ಕುಳಿತರೆ ಕರಾವಳಿಯ ಜನ ಊಟ ಮರೆಯುತ್ತಿದ್ದರು. ಕಡೆಯ ಕೂಟದಲ್ಲಿ ಉಪಾಧ್ಯಾಯರು ಧರ್ಮದ ಲೆಕ್ಕದ ಒಂದು ಮಾತು ಹೇಳಿ ಇವರನ್ನು ಕಟ್ಟಿಹಾಕಿದ್ದರು. ಮರುವಾರವೇ ಶೆಟ್ಟಿಗಾರರ ಗಂಟಲು ಕೆಟ್ಟಿತು. ಅದರ ಮರುವರ್ಷ ಪಾರ್ಶ್ವವಾಯು ಬಡಿದು ಉಪಾಧ್ಯಾಯರ ನಾಲಗೆಯೂ ಬಿತ್ತು.

"ಅವನಿಗೆ ಕೊಡ್ಲಿಕ್ಕೆ ಒಂದು ಉತ್ತರ ಇಟ್ಕೊಂಡಿದ್ದೇನೆ ಬಾಯಮ್ಮ" ಎಂದರು ಶೆಟ್ಟಿಗಾರರು. ಅವರ ಕಡೆಯ ಹಿರಿಯರು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಹಾಗೆಯೇ. "ಅದನ್ನು ಹೇಳದೆ ಸತ್ರೆ ನನಗೆ ಗತಿ ಇಲ್ಲ."

"ಅವರಿಗೂ ದನಿಪಟ್ಟಿ ಹಾಕಿದ್ದಾರಂತೆ. ನಿನಾದ ಕಂಪನಿಯದ್ದು" ಎಂದಳು ಜೋಯ್ಲಿನ್.

"ಯಾವ ಕಂಪನಿಯದ್ದಾದ್ರೆ ಎಂತ? ಮಾತು ಅವನದ್ದಲ್ವಾ?"

ಪಾಪ, ಶೆಟ್ಟಿಗಾರರು ಅಂತರ್ಜಾಲ ನೋಡುವವರಲ್ಲ. ಅಲ್ಲಿ ಯಾವ ಕಂಪನಿ ಎಂಬುದಕ್ಕೆ ಕುರುಕ್ಷೇತ್ರವೇ ನಡೆದಿತ್ತು. ಜೋಯ್ಲಿನ್‌ಳ ಸಂಶೋಧನೆಗೆ ಬೆನ್ನಾಗಿ ನಿಂತು, ಅದರ ಹಕ್ಕನ್ನೂ ತನ್ನದಾಗಿಸಿಕೊಂಡಿದ್ದ ಕಂಪನಿ ಸುಸ್ವರ. ಅಂಥದ್ದೇ ಪಟ್ಟಿ ಮಾರುತ್ತಿದ್ದ ಅದರ ಎದುರಾಳಿ ನಿನಾದ. 'ಸುಸ್ವರ ಅಂದ್ರೆ ಜೇನು, ನಿನಾದ ಅಂದ್ರೆ ಡಬ್ಬದೊಳಗಿನ ಗೋಲಿ' ಎಂದು ಒಬ್ಬ ಬರೆದರೆ, 'ನಿಮ್ಮ ಜೇನಿಗೆ ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡದಿದ್ರೆ ಬಾಯೇ ಇಲ್ಲ' ಎಂದು ಇನ್ನೊಬ್ಬ. ದಿನವಿಡೀ ಅಲ್ಲಿ ಕೂತು ಬಡಿದಾಡುತ್ತಿದ್ದವರಲ್ಲಿ ದನಿ ಕಳೆದುಕೊಂಡವರು ಮಾತ್ರ ಒಬ್ಬರೂ ಕಾಣುತ್ತಿರಲಿಲ್ಲ. ಕಂಪನಿಯ ಷೇರು ಇಲ್ಲ, ಸಂಬಳವಿಲ್ಲ, ಆದರೂ ಜನ ಯಾರೋ ತಮ್ಮ ಮನೆದೇವರನ್ನೇ ಬೈದರೆಂಬಷ್ಟು ಉರಿದು ಬೀಳುತ್ತಿದ್ದರು.

ಈ ಜಗಳ ಕೋರ್ಟಿಗೆ ಹೋಗಿತ್ತು. ಒಬ್ಬರ ಮಾದರಿ ದನಿಗಳನ್ನು ಇನ್ನೊಬ್ಬರು ಕದ್ದರೆಂದು ದೂರು. ತೀರ್ಪು ಬರುವ ಮೊದಲೇ ಇಬ್ಬರೂ ತಮ್ಮ ತಮ್ಮ ಯಂತ್ರಗಳಿಗೆ, ಇನ್ನೊಬ್ಬರದ್ದರೊಡನೆ ಹೊಂದದ ಹಾಗೆ, ಹಕ್ಕುಬೀಗ ಜಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡೂ ಕಡೆಯ ಅಭಿಮಾನಿಗಳು 'ಕಳ್ಳರಿಗೆ ತಕ್ಕ ಶಾಸ್ತಿ' ಎಂದು ಕುಣಿದರು. ಜೋಯ್ಲಿನ್ ಸುಸ್ವರದ ಅಧಿಕಾರಿಗೆ ಫೋನ್ ಮಾಡಿ ಈ ಬೀಗ ಯಾಕೆಂದು ಕೇಳಿದಾಗ ಅವನು ನಯವಾಗಿ ಹೇಳಿದ:

"ಇದು ರಕ್ಷಣೆ ಮೇಡಂ. ನಕಲಿ ದನಿಗಳಿಂದ ನಮ್ಮ ಗ್ರಾಹಕರನ್ನು ಕಾಪಾಡೋದು ಬೇಡ್ವಾ?"

ಕಾಪಾಡುವುದು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅವಳು ಫೋನ್ ಇಟ್ಟಳು.

ಇಬ್ಬರನ್ನೂ ಮತ್ತೆ ಎದುರುಬದುರು ಕೂರಿಸಿದ ಕೂಟ ನಡೆದದ್ದು ಮಲ್ಪೆಯ ಸಭಾಭವನವೊಂದರಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಕಾಲಿಡಲು ಜಾಗವಿರಲಿಲ್ಲ. ಆ ಕಾಲಕ್ಕೆ ಸಭೆಗಳಲ್ಲಿ ಧ್ವನಿವರ್ಧಕ ಇಡುವ ಪದ್ಧತಿ ಹೋಗಿ ಬಹಳ ವರ್ಷವಾಗಿತ್ತು. ಎಲ್ಲರ ಕಿವಿಯಲ್ಲೂ ಒಂದೊಂದು ಕಿವಿಗುಂಡಿ. ಬೇಡದ ಗದ್ದಲವನ್ನು ಅಡಗಿಸುವುದು, ಗೊತ್ತಿಲ್ಲದ ಭಾಷೆಯನ್ನು ಅನುವಾದಿಸುವುದು, ದೂರದ ಮಾತನ್ನು ಹತ್ತಿರ ತರುವುದು ಎಲ್ಲ ಅದರದೇ ಕೆಲಸ. ಸ್ನಾನಕ್ಕೂ ಅದನ್ನು ತೆಗೆಯದವರಿದ್ದರು. ಅರ್ಧ ಜನರದ್ದು ಸುಸ್ವರದ ಗುಂಡಿ, ಇನ್ನರ್ಧ ಜನರದ್ದು ನಿನಾದದ್ದು. ಜೋಯ್ಲಿನ್ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಅವಳದು ಸುಸ್ವರದ್ದೇ.

ಭಾಗವತ ಸುಜನ್ ಆಚಾರ್ಯರು ಪದ ಎತ್ತಿದರು. ಮದ್ದಳೆ ನುಡಿಯಿತು. ಉಪಾಧ್ಯಾಯರು ಮೊದಲು ಅರ್ಥ ಹೇಳಬೇಕು. ಅವರ ತುಟಿ ಅಲುಗಿತು, ಎಡಗೈ ಮೇಲೆದ್ದಿತು, ಹುಬ್ಬು ಕುಣಿಯಿತು. ಸದ್ದು ಮಾತ್ರ ಇಲ್ಲ.

'ಪಟ್ಟಿ ಕೆಟ್ಟಿರಬೇಕು' ಎಂದುಕೊಂಡಳು ಜೋಯ್ಲಿನ್. ಆದರೆ ಪಕ್ಕದ ಹೆಂಗಸು ತಲೆದೂಗುತ್ತಿದ್ದಳು. ಹಿಂದಿನವನೊಬ್ಬ ಚಪ್ಪಾಳೆ ತಟ್ಟಿದ. ವೇದಿಕೆಯ ಮೇಲೆ ಶೆಟ್ಟಿಗಾರರ ಮುಖ ಕೆಂಪಾಗುತ್ತಿತ್ತು. ಎದುರಾಳಿ ಬರಿದೇ ಬಾಯಾಡಿಸಿ ತನ್ನನ್ನು ಅಣಕಿಸುತ್ತಿದ್ದಾನೆಂದೇ ಅವರಿಗೆ ತೋರಿತ್ತು. ತಡೆಯಲಾರದೆ ಅವರೇ ಮಾತಿಗಿಳಿದರು. ನಾಲ್ಕು ವರ್ಷ ಕಾದಿದ್ದ ಮಾತು.

"ಮರದ ಮರೆಯಲ್ಲಿ ನಿಂತವನೇ, ಕೇಳು..."

ಅಷ್ಟರಲ್ಲಿ ಭಾಗವತರು ಮುಂದಿನ ಪದ ಎತ್ತಿಬಿಟ್ಟರು.

ತಾಳಮದ್ದಳೆ ಬಲ್ಲವರಿಗೆ ಅದರ ಅರ್ಥ ಗೊತ್ತು. ಅರ್ಥಧಾರಿಗೆ ಮಾತು ಹೊಳೆಯದೆ ಸಭೆಯಲ್ಲಿ ಸಿಕ್ಕಿಬಿದ್ದಾಗ, ಅವನ ಮಾನ ಉಳಿಸಲು ಭಾಗವತರು ಮೆಲ್ಲನೆ ಮುಂದಿನ ಪದಕ್ಕೆ ಹೋಗುತ್ತಾರೆ. ಅದು ಕರುಣೆ. ಆಚಾರ್ಯರ ಕಿವಿಯಲ್ಲಿದ್ದದ್ದು ನಿನಾದದ ಗುಂಡಿ. ಅವರಿಗೆ ಕಂಡದ್ದು ಬಾಯಿ ತೆರೆದು ಮಾತು ಸಿಗದೆ ಒದ್ದಾಡುತ್ತಿರುವ ಒಬ್ಬ ಮುದುಕ. ಆದರೆ ಮಾತಿನ ಮಧ್ಯೆ ಪದ ಬಿದ್ದರೆ ಅರ್ಥಧಾರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಶೆಟ್ಟಿಗಾರರು ಮಾತು ನಿಲ್ಲಿಸಿ ತಲೆ ತಗ್ಗಿಸಿದರು. ಹೆಗಲ ಮೇಲಿನ ಶಾಲು ತೆಗೆದು ಮಡಚತೊಡಗಿದರು. ಇನ್ನು ಎದ್ದು ಹೋಗುವುದೊಂದೇ ಬಾಕಿ.

ಜೋಯ್ಲಿನ್‌ಳ ಕಣ್ಣು ತಲೆದೂಗುತ್ತಿದ್ದ ಪಕ್ಕದವಳ ಕಿವಿಗುಂಡಿಯ ಮೇಲೆ ಬಿತ್ತು, ಅದು ನಿನಾದದ್ದು. ಅವಳು ತನ್ನ ಕಿವಿಗುಂಡಿಯನ್ನು ಕಿತ್ತಳು. ಕೂಡಲೇ ಉಪಾಧ್ಯಾಯರ ದನಿ, ಸಣ್ಣದಾಗಿ, ಸ್ಪಷ್ಟವಾಗಿ ಕೇಳಿಸಿತು: "ಸಂಪತ್ತಣ್ಣ, ಎಂತ ಆಯ್ತು? ಯಾಕೆ ಮಾತಾಡುದಿಲ್ಲ?"

ಆಗ ಅವಳಿಗೆ ಎಲ್ಲ ಹೊಳೆಯಿತು. ಹಕ್ಕುಬೀಗ ಹಾಕಿದ್ದು ಬಾಯಿಗಲ್ಲ, ಕಿವಿಗೆ. ಪ್ರತಿ ಯಂತ್ರದನಿಯೊಳಗೆ ಕಿವಿಗೆ ತಿಳಿಯದಂಥ ಒಂದು ಗುರುತು ಅಡಗಿರುತ್ತದೆ. ಗುರುತು ತನ್ನ ಕಂಪನಿಯದಲ್ಲವಾದರೆ ಗುಂಡಿ ಆ ಸದ್ದಿಗೆ ಸರಿಯಾಗಿ ತದ್ವಿರುದ್ಧವಾದ ಅಲೆಯೊಂದನ್ನು ಹುಟ್ಟಿಸುತ್ತದೆ. ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಸೇರಿ ಎರಡೂ ಅಳಿದು ಮೌನವಾಗುತ್ತದೆ. ಅರ್ಧ ಸಭೆಗೆ ಶೆಟ್ಟಿಗಾರರು ಮೂಗರು, ಇನ್ನರ್ಧಕ್ಕೆ ಉಪಾಧ್ಯಾಯರು. ತಂತಮ್ಮ ಕಂಪನಿಯ ಗುಂಡಿ ಹಾಕಿದ್ದ ಇಬ್ಬರು ಅರ್ಥಧಾರಿಗಳೂ ಒಬ್ಬರಿಗೊಬ್ಬರು ಮೂಗರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗಿತ್ತು. ಜಾಲದಲ್ಲಿ ಆಗಲೇ ಎರಡೂ ಕಡೆಯವರು ಗೆಲುವು ಸಾರಿಯಾಗಿತ್ತು: 'ಎದುರಾಳಿಗೆ ಬಾಯೇ ಬರಲಿಲ್ಲ!'

ಅವಳು ವೇದಿಕೆಗೆ ಓಡಿದಳು. ಚಪ್ಪಲಿ ಬಿಡುವುದೂ ನೆನಪಾಗಲಿಲ್ಲ.

"ಆಚಾರ್ರೇ, ಪದ ನಿಲ್ಲಿಸಿ! ಎಲ್ಲರೂ ದಯಮಾಡಿ ಕಿವಿಗುಂಡಿ ತೆಗೀರಿ. ತೆಗೆದು ಕಿಸೆಯಲ್ಲಿ ಇಡಿ."

ಜನ ಮುಖ ಮುಖ ನೋಡಿಕೊಂಡರು. ಸಭೆಯಲ್ಲಿ ಅಂಗಿ ತೆಗೆಯಿರಿ ಎಂದಿದ್ದರೂ ಅಷ್ಟು ಗಲಿಬಿಲಿಯಾಗುತ್ತಿರಲಿಲ್ಲ.

"ತೆಗೆದ್ರೆ ಅಷ್ಟು ದೂರದಿಂದ ಕೇಳ್ತದಾ?" ಎಂದು ಹಿಂದಿನಿಂದ ಒಬ್ಬರು ಕೂಗಿದರು.

"ಕೇಳದಿದ್ರೆ ಹತ್ತಿರ ಬನ್ನಿ!"

ಮೊದಲು ತೆಗೆದವರು ಭಾಗವತರು. ಅವರ ಮೇಲಿನ ಗೌರವಕ್ಕೆ ಉಳಿದವರೂ ಒಬ್ಬೊಬ್ಬರಾಗಿ ತೆಗೆದರು. ಆಮೇಲೆ ಆದದ್ದನ್ನು ಜೋಯ್ಲಿನ್ ಬದುಕಿರುವವರೆಗೆ ಮರೆಯಲಾರಳು. ಜಗತ್ತು ಒಮ್ಮೆಲೇ ಒಳಗೆ ನುಗ್ಗಿತು. ಕಿಟಕಿಯಾಚೆ ಕಡಲು ಮೊರೆಯುತ್ತಿತ್ತು. ಅಷ್ಟು ಹತ್ತಿರ ಕಡಲಿದೆ ಎಂಬುದೇ ಆ ಜನಕ್ಕೆ ಮರೆತುಹೋಗಿತ್ತು. ಯಾರದೋ ಬಳೆ, ಯಾರದೋ ನಿಟ್ಟುಸಿರು, ಕುರ್ಚಿಯ ಕಿರಕಿರ. ಒಬ್ಬ ತಾಯಿ ತನ್ನ ಮಗುವಿನ ಉಸಿರಾಟಕ್ಕೆ ಕಿವಿಗೊಟ್ಟು ಬೆರಗಾಗಿ ಕುಳಿತಳು. ಜನ ಕುರ್ಚಿ ಬಿಟ್ಟು ಮುಂದೆ ಬಂದರು, ವೇದಿಕೆಯ ಸುತ್ತ ನೆಲದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕುಳಿತರು. ಯಾರ ಕಿಸೆಯಲ್ಲಿ ಯಾವ ಕಂಪನಿಯ ಗುಂಡಿ ಇದೆಯೆಂದು ಯಾರೂ ಕೇಳಲಿಲ್ಲ.

ಶೆಟ್ಟಿಗಾರರು ಶಾಲನ್ನು ಮತ್ತೆ ಹೆಗಲಿಗೇರಿಸಿದರು. ಪಟ್ಟಿಯ ದನಿ ಮೆಲುವಾಗಿತ್ತು, ಆದರೆ ಸಭೆ ಅದಕ್ಕಿಂತ ಮೆಲುವಾಗಿತ್ತು.

"ಮರದ ಮರೆಯಲ್ಲಿ ನಿಂತವನೇ, ಕೇಳು. ಧರ್ಮದ ಲೆಕ್ಕ ಆಮೇಲೆ ಹೇಳುವೆಯಂತೆ. ನನ್ನೆದುರಿಗೆ ಬಂದು ನಿಲ್ಲಲು ನಿನಗೆ ಅಂಜಿಕೆಯಾಯಿತಲ್ಲ, ಅದು ನನ್ನ ತೋಳಿಗೋ, ನನ್ನ ಪ್ರಶ್ನೆಗೋ?"

ಸಭೆ 'ಆಹಾ' ಎಂದಿತು. ಕೂದಲು ನೆಟ್ಟಗಾದ ಕೈಗಳನ್ನು ಜನ ಉಜ್ಜಿಕೊಂಡರು. ಭಾಗವತರ ಕೈ ತಾಳದ ಮೇಲೆ ಹಾಗೆಯೇ ನಿಂತಿತ್ತು. ಉಪಾಧ್ಯಾಯರು ತಾವು ಕುಳಿತ ಜಾಗದಿಂದ ಸರಿದು, ಎದುರಾಳಿಯ ಮೊಣಕಾಲು ತಾಗುವಷ್ಟು ಹತ್ತಿರ ಬಂದರು.

"ನಿನ್ನ ಪ್ರಶ್ನೆಗೆ" ಎಂದರು. "ತೋಳಿಗಾದರೆ ದೂರದಿಂದ ಬಾಣ ಸಾಕಿತ್ತು. ಪ್ರಶ್ನೆಗೆ ಹತ್ತಿರವೇ ಬರಬೇಕಾಯಿತು. ಬಂದಿದ್ದೇನೆ, ಇನ್ನು ಕೇಳು."

ಇಬ್ಬರ ಕಣ್ಣಲ್ಲೂ ನೀರಿತ್ತು. ವಾದ ಸಂಜೆಯವರೆಗೂ ಹರಿಯಿತು. ಒಂದು ಕೊರಳಲ್ಲಿ ಕಂಠವಿಲ್ಲ, ಇನ್ನೊಂದು ಬಾಯಲ್ಲಿ ನಾಲಗೆ ಏಳುವುದಿಲ್ಲ. ಆದರೂ ಆ ಮಧ್ಯಾಹ್ನ ಮಲ್ಪೆಯಲ್ಲಿ ಕೇಳಿದಂಥ ಮಾತನ್ನು ಆರೋಗ್ಯವಂತರಿಂದಲೂ ಜನ ಕೇಳಿರಲಿಲ್ಲ. ಜೋಯ್ಲಿನ್ ನೆಲದ ಮೇಲೆ ಕುಳಿತು, ತಾನು ಮಾಡಿದ ಯಂತ್ರವನ್ನೇ ಮರೆತು ಕೇಳಿದಳು. ಯಂತ್ರ ಮಾಡಿದವರಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.

ವಾರದೊಳಗೆ ನೋಟಿಸು ಬಂತು. ಸುಸ್ವರ ಮತ್ತು ನಿನಾದ ಮೊದಲ ಬಾರಿಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದು, ಒಟ್ಟಾಗಿ ಸಹಿ ಹಾಕಿದ್ದವು. ಬೀಗ ತಪ್ಪಿಸಿ ದನಿ ಕೇಳಿಸಿದ್ದು ನಿಯಮದ ಉಲ್ಲಂಘನೆ. ಇನ್ನೊಮ್ಮೆ ಹೀಗಾದರೆ ಇಬ್ಬರು ಅರ್ಥಧಾರಿಗಳ ಪಟ್ಟಿಯನ್ನೂ ದೂರದಿಂದಲೇ ನಿಲ್ಲಿಸಲಾಗುವುದು ಎಂದು ಅದರಲ್ಲಿತ್ತು. ಜೋಯ್ಲಿನ್ ಅದನ್ನು ಹಿಡಿದುಕೊಂಡು ಶೆಟ್ಟಿಗಾರರ ಮನೆಗೆ ಹೋದಳು. ಉಪಾಧ್ಯಾಯರೂ ಅಲ್ಲೇ ಇದ್ದರು. ಕೂಟ ಮುಗಿದರೂ ಇಬ್ಬರ ವಾದ ಮುಗಿದಿರಲಿಲ್ಲ. ಈಗ ಮನೆಯಲ್ಲಿ ಯಾರ ಕಿವಿಯಲ್ಲೂ ಗುಂಡಿ ಇರಲಿಲ್ಲ.

ಅವಳು ಓದಿದ ನೋಟಿಸನ್ನು ಶೆಟ್ಟಿಗಾರರು ಪೂರ್ತಿ ಕೇಳಿಸಿಕೊಂಡರು.

"ನಾನು ಈ ನಿಯಮಕ್ಕೆ ಒಪ್ಪಿದ್ದು ಯಾವಾಗ ಬಾಯಮ್ಮ?"

"ಪಟ್ಟಿ ಅಂಟಿಸುವ ಮೊದಲು. ಪರದೆಯ ಮೇಲೆ 'ಒಪ್ಪಿದ್ದೇನೆ' ಅಂತ ಇತ್ತಲ್ಲ, ನೀವು ಹೆಬ್ಬೆರಳು ಒತ್ತಿದ್ರಿ."

"ಹೌದಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ವಾದಕ್ಕೆ ಕುಳಿತವರ ಕುತೂಹಲ ಮಾತ್ರ ಇತ್ತು. "ಆಗ ನನಗೆ ಮಾತೇ ಇರ್ಲಿಲ್ವಲ್ಲ. ಬೇಡ ಅಂತ ಹೇಳುದು ಹೇಗೆ?"

ಜೋಯ್ಲಿನ್ ತನ್ನ ಫೋನು ತೆಗೆದು, ದನಿಪಟ್ಟಿಯ ನಿಯಮಗಳನ್ನು ಮೊಟ್ಟಮೊದಲ ಸಲ, ಮೊದಲ ಸಾಲಿನಿಂದ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದಳು. ಒಳಗಿಂದ ಶೆಟ್ಟಿಗಾರರ ಹೆಂಡತಿ ಊಟಕ್ಕೆ ಬಡಿಸಿ ಕರೆದರು. ಯಾರೂ ಏಳಲಿಲ್ಲ, ಓದು ಇನ್ನೂ ಕಾಲುಭಾಗಕ್ಕೂ ಬಂದಿರಲಿಲ್ಲ.