ಒಣಗಿದ ಮೇಲೆ ಕಾಣುವ ಮುಖ

ಒಂದು ಊರು. ಆ ಊರಲ್ಲೊಂದು ಕಿಟಕಿಯೇ ಇಲ್ಲದ ಕೋಣೆ ಇತ್ತಂತೆ. ಆ ಕೋಣೆಯಲ್ಲಿ ಹಗಲಿಡೀ ಕತ್ತಲಲ್ಲಿ ಕೂತು, ಬೇರೆಯವರ ಮುಖಗಳನ್ನು ಬೆಳಕಿಗೆ ತರುವ ಹುಡುಗಿಯೊಬ್ಬಳಿದ್ದಳಂತೆ. ಅವಳ ಮುಖವನ್ನು ಮಾತ್ರ ಯಾರೂ ಸರಿಯಾಗಿ ನೋಡಿರಲಿಲ್ಲವಂತೆ...

ಹಾಗಿರುವಾಗ ಒಂದು ದಿನ, ಕೋಣೆಯ ಬಾಗಿಲು ಧಡಾರನೆ ತೆರೆಯಿತು!

"ಅಯ್ಯೋ! ಬಾಗಿಲು ಹಾಕಿ! ಮೊದಲು ಬಾಗಿಲು ಹಾಕಿ!"

ತಡವಾಗಿ ಹೋಗಿತ್ತು. ಅವಳ ಕೈಯಲ್ಲಿದ್ದ ಫೋಟೋ ಕಾಗದಕ್ಕೆ ಹೊರಗಿನ ಬೆಳಕು ತಾಗಿ, ಅದು ಔಷಧದ ತಟ್ಟೆಯಲ್ಲಿ ಕಣ್ಣೆದುರಿಗೇ ಕಪ್ಪಗಾಯಿತು. ಬೆಳಗಿನಿಂದ ಮಾಡಿದ ಕೆಲಸ!

ಬಾಗಿಲಲ್ಲಿ ನಿಂತವನು ಲಿಫ್ಟ್ ಮೆಕ್ಯಾನಿಕ್. ಅಂಗಿಗೆಲ್ಲ ಗ್ರೀಸು. ಕೈಯಲ್ಲಿ ಪುಟ್ಟ ಲಕೋಟೆ.

"ಹೊರಗೆ ಯಾರೂ ಇರಲಿಲ್ಲ... ಕ್ಷಮಿಸಿ."

"ಕ್ಷಮಿಸಿದ್ರೆ ಕಾಗದ ಬೆಳ್ಳಗಾಗುತ್ತಾ?" ಎಂದು ರೇಗಿದಳು. ಆದರೆ ಅವನು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ರೀತಿ ಕಂಡು ಅವಳ ಮಾತು ಅಲ್ಲಿಗೇ ನಿಂತಿತು. ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ.

ಒಳಗಿದ್ದದ್ದು ಒಂದೇ ಒಂದು ನೆಗೆಟಿವ್. ಅವನ ತಂಗಿಯದು. ಕಿಟಕಿಯ ಮುಂದೆ ನಿಲ್ಲಿಸಿ, ಎರವಲು ಕ್ಯಾಮೆರಾದಲ್ಲಿ ಅವನೇ ತೆಗೆದದ್ದು. ಅದಾದ ತಿಂಗಳಿಗೇ ಜ್ವರ ಬಂದು ಅವಳು ಹೋಗಿಬಿಟ್ಟಳು. ನಾಲ್ಕು ವರ್ಷವಾಯಿತು.

"ಮೂರು ಕಡೆ ಪ್ರಿಂಟ್ ಹಾಕಿಸಿದೆ. ಮುಖ ಮಸಿ, ಕಿಟಕಿ ಸುಣ್ಣ. ಮಧ್ಯೆ ಏನೂ ಇಲ್ಲ." ಅವನ ದನಿ ತಗ್ಗಿತು. "ಅಮ್ಮನ ಕಣ್ಣು ಹೋಗ್ತಾ ಇದೆ. ತಿಂಗಳೋ ಒಂದೂವರೆ ತಿಂಗಳೋ ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಒಂದ್ಸಲ ಮಗಳ ಮುಖ ನೋಡ್ಬೇಕಂತೆ."

ಅವಳು ನೆಗೆಟಿವನ್ನು ದೀಪಕ್ಕೆ ಹಿಡಿದಳು. ನೆರಳಿನ ಜಾಗದಲ್ಲಿ, ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿ, ಒಂದು ಕೆನ್ನೆ... ಒಂದು ತುಟಿ...

"ಮುಖ ಇದೆ. ತರ್ತೀನಿ. ಮಾತು ಕೊಟ್ಟೆ."

ಸ್ಟುಡಿಯೊ ಅವಳ ಸೋದರಮಾವನದು. ಊಟ ಮುಗಿಸಿ ಬಂದ ಮಾವ ನೆಗೆಟಿವ್ ನೋಡಿ ನಿಟ್ಟುಸಿರಿಟ್ಟ.

"ಲೇ ಗೂಬೆ, ಅಚ್ಚ ಕಪ್ಪು, ಅಚ್ಚ ಬಿಳುಪು ಯಾರು ಬೇಕಾದ್ರೂ ತರ್ತಾರೆ. ನಡುವಿನ ಬೂದಿ ಬಣ್ಣಗಳನ್ನ ತರೋದ್ರಲ್ಲೇ ಪ್ರಾಣ ಹೋಗೋದು. ಮಾತು ಕೊಡೋ ಮುಂಚೆ ನನ್ನ ಕೇಳಬಾರ್ದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ ಮತ್ತೆ!"

ಆರು ದಿನ ಅವಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬೀಳುವಾಗ ತಂತಿಗೆ ಅಂಟಿಸಿದ ರಟ್ಟಿನ ಚೂರನ್ನು ಮುಖದ ಮೇಲೆ ಆಡಿಸಿ ನೆರಳು ಕೊಟ್ಟಳು, ಅಲ್ಲಿ ಕಪ್ಪು ಕೂರದಿರಲಿ ಎಂದು. ಆಮೇಲೆ ಇನ್ನೊಂದು ರಟ್ಟಿನ ತೂತಿನಿಂದ ಕಿಟಕಿಗಷ್ಟೇ ಹೆಚ್ಚು ಬೆಳಕು ಸುರಿದಳು, ಅಲ್ಲಿ ಏನಾದರೂ ಮೂಡಲಿ ಎಂದು. ಮೆಕ್ಯಾನಿಕ್ ದಿನವೂ ಸಂಜೆ ಬರುತ್ತಿದ್ದ. ಬಾಗಿಲನ್ನು ಎರಡು ಸಲ ತಟ್ಟಿ, ಅವಳು ಹೂಂ ಅನ್ನುವ ತನಕ ಕಾಯುತ್ತಿದ್ದ. ಆ ತಟ್ಟುವಿಕೆಗೆ ಅವಳೂ ಕಾಯತೊಡಗಿದ್ದಳು... ಆದರೆ ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಆರನೆಯ ಸಂಜೆ ತಟ್ಟೆಯ ನೀರಿನಡಿ ಮುಖ ಎದ್ದು ಬಂತು. ಇನ್ನು ಬೆಳಕು ತಾಗಿದರೂ ಕಪ್ಪಾಗದಂತೆ ಅದನ್ನು ಇನ್ನೊಂದು ಔಷಧದಲ್ಲಿ ಅದ್ದಿ ತೊಳೆದು, ಅವಳು ದೊಡ್ಡ ದೀಪ ಹಾಕಿದಳು.

"ನಗ್ತಾ ಇದ್ದಾಳೆ..." ಅವನು ತಟ್ಟೆಯ ಮೇಲೆ ಬಾಗಿದ. "ನೋಡಿ, ನಗ್ತಾ ಇದ್ದಾಳೆ!"

ಅವಳು ನೋಡಿದ್ದು ಫೋಟೋವನ್ನಲ್ಲ. ಅವನನ್ನು. ತಪ್ಪಾದದ್ದು ಅಲ್ಲೇ.

ಮರುದಿನ ಒಣಗಿದ ಪ್ರಿಂಟನ್ನು ಕೋಣೆಯ ಕೆಂಪು ದೀಪದಲ್ಲೇ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟಳು. ಹಗಲು ಬೆಳಕಿಗೆ ಒಮ್ಮೆಯೂ ಹಿಡಿಯಲಿಲ್ಲ. ಮೊದಲು ಅಮ್ಮನೇ ನೋಡಲಿ ಎಂದು ಅವನೂ ಬಿಚ್ಚಲಿಲ್ಲ.

ಅರ್ಧ ಗಂಟೆಯಲ್ಲಿ ಅವನು ಮರಳಿ ಬಂದ. ಬಾಗಿಲು ತಟ್ಟಲಿಲ್ಲ. ಪ್ರಿಂಟನ್ನು ಮೇಜಿನ ಮೇಲೆ ಎಸೆದ.

"ನಿನ್ನೆ ತೋರಿಸಿದ್ದು ಒಂದು, ಇವತ್ತು ಕೊಟ್ಟಿದ್ದು ಇನ್ನೊಂದು!"

ಅವಳು ನೋಡಿದಳು. ನೆರಳೆಲ್ಲ ಒಂದೇ ಮುದ್ದೆಯಾಗಿತ್ತು. ಕೆನ್ನೆಯಿಲ್ಲ, ನಗುವಿಲ್ಲ.

"ನಗ್ತಿದ್ದಾಳೆ ನೋಡಮ್ಮ ಅಂದೆ. ಅಮ್ಮ ಏನಂದ್ಳು ಗೊತ್ತಾ? ಕಣ್ಣು ಹೋಗ್ತಿರೋಳಿಗೆ ಸುಳ್ಳು ಹೇಳ್ಬೇಡ ಮಗನೇ ಅಂದ್ಳು!" ಅವನು ಪ್ರಿಂಟಿನತ್ತ ಬೆರಳು ತೋರಿಸಿದ. "ನಿಮ್ಮ ಕೈಲಿ ಆಗಲ್ಲ ಅಂದಿದ್ರೆ ಸಾಕಿತ್ತು. ಮೋಸ ಯಾಕೆ?"

ಮೋಸ ಅಲ್ಲ... ಒಂದೇ ಒಂದು ಮಾತು ಹೇಳಬೇಕಿತ್ತು. ಅಷ್ಟರಲ್ಲಿ ಅವನು ನೆಗೆಟಿವ್ ಎತ್ತಿಕೊಂಡು ಹೋಗಿಬಿಟ್ಟ.

ಮಾವ ಪ್ರಿಂಟ್ ಎತ್ತಿ ನೋಡಿದ. "ಒರಟು ಕಾಗದ. ಒಣಗಿದ್ರೆ ಕಪ್ಪು ಕೂರುತ್ತೆ ಅಂತ ನಿನಗೆ ಹೊಸದಾ? ಹಸಿ ಪ್ರಿಂಟಿಗೆ ಶಹಬ್ಬಾಸ್ ಅನ್ಬೇಡ ಅಂತ ಬಡ್ಕೊಂಡಿದ್ದೆ."

"ಗೊತ್ತಿತ್ತು ಮಾವ. ಮರೆತೆ."

"ಮರೆಯೋ ಹಾಗೆ ಮಾಡಿದ್ದು ಯಾರು ಅಂತ ನನಗೂ ಗೊತ್ತು. ಹೋಗು, ಹೇಳು ಅವನಿಗೆ."

"ನಂಬಲ್ಲ."

"ಹೋಗದೇ ಇದ್ರಂತೂ ಖಂಡಿತ ನಂಬಲ್ಲ!"

ನಾಲ್ಕು ದಿನ ಅತ್ತಳು. ಐದನೆಯ ದಿನ ಒಂದು ಯೋಚನೆ ಅವಳ ಅಳುವನ್ನೇ ನಿಲ್ಲಿಸಿತು. ತಾನು ಅಳುತ್ತಾ ಕೂತ ಒಂದೊಂದು ದಿನವೂ ಆ ತಾಯಿಯ ಕಣ್ಣಿನಿಂದ ಕಳೆದುಹೋಗುತ್ತಿದೆ!

ಅವನು ಎಂಟು ಅಂತಸ್ತಿನ ಕಚೇರಿಯ ತುದಿಯಲ್ಲಿ ಕೆಲಸ ಮಾಡುತ್ತಿದ್ದ. ಲಿಫ್ಟ್ ಬಿಚ್ಚಿಟ್ಟಿದ್ದರು. ಅವಳು ಎಂಟೂ ಅಂತಸ್ತು ಹತ್ತಿದಳು. ಮೇಲಿನ ಯಂತ್ರದ ಕೋಣೆಯಲ್ಲಿ ಎಣ್ಣೆಯ ವಾಸನೆ, ಬೆರಳು ದಪ್ಪದ ಉಕ್ಕಿನ ಹಗ್ಗಗಳು. ಅವಳನ್ನು ಕಂಡು ಅವನ ಕೈಯ ಸ್ಪ್ಯಾನರ್ ನಿಂತಿತು.

"ನೀರಿದೆಯಾ?" ಏದುಸಿರಿನಲ್ಲೇ ಕೇಳಿದಳು.

ಅವನು ಬಾಟಲಿ ಚಾಚಿದ. ಅವಳು ಕುಡಿಯಲಿಲ್ಲ. ಅವನು ಎಸೆದು ಹೋಗಿದ್ದ ಆ ಪ್ರಿಂಟನ್ನೇ ಚೀಲದಿಂದ ತೆಗೆದು, ನೆಲದ ಮೇಲಿಟ್ಟು, ನೀರು ಸುರಿದಳು.

"ಏನು ಮಾಡ್ತಿದೀರಿ?"

"ಸ್ವಲ್ಪ ಇರಿ. ನೋಡಿ."

ನೀರು ಕಾಗದಕ್ಕೆ ಇಳಿಯಿತು. ಕಪ್ಪು ಮುದ್ದೆ ಮೆಲ್ಲಗೆ ಬಿಡಿಸಿಕೊಂಡಿತು. ಕೆನ್ನೆಯ ಉಬ್ಬು ಬಂತು... ತುಟಿಯ ಗೆರೆ ಬಂತು... ಮಸುಕಾಗಿ, ಆ ನಗು ಬಂತು.

ಅವನು ಮಂಡಿಯೂರಿದ.

"ಒಂದೇ ಪ್ರಿಂಟ್. ಹಸಿ ಇದ್ದಾಗ ಹೀಗೆ, ಒಣಗಿದ್ರೆ ಹಾಗೆ. ನಾನು ಇನ್ನೂ ತಿಳಿಯಾಗಿ ಮಾಡ್ಬೇಕಿತ್ತು. ಮೋಸ ಅಲ್ಲ, ನನ್ನ ತಪ್ಪು." ಅವಳು ಬಾಟಲಿಯನ್ನು ಕೆಳಗಿಟ್ಟಳು. "ಆವತ್ತು ನಾನು ಪ್ರಿಂಟ್ ನೋಡ್ಲೇ ಇಲ್ಲ. ನಿಮ್ಮನ್ನ ನೋಡ್ತಾ ಇದ್ದೆ."

ಅವನು ಕೈ ಒರೆಸಿಕೊಂಡು, ಅಂಗಿಯ ಒಳಜೇಬಿನಿಂದ ಆ ಪುಟ್ಟ ಲಕೋಟೆ ತೆಗೆದು ಅವಳ ಅಂಗೈಯಲ್ಲಿಟ್ಟ.

"ನಾನೂ ಬರ್ತೀನಿ. ಏನು ಮಾಡ್ಬೇಕು ಹೇಳಿ, ಮಾಡ್ತೀನಿ."

ಈ ಸಲ ಬೆಳಕು ಬೀಳುವಾಗ ನಾಲ್ಕು ಕೈಗಳಿದ್ದವು. ಅವಳದು ಮುಖಕ್ಕೆ ನೆರಳು, ಅವನದು ಕಿಟಕಿಗೆ ಬೆಳಕು.

"ಕೈ ನಿಲ್ಲಿಸ್ಬೇಡಿ. ನಿಂತ್ರೆ ಸುತ್ತ ಗೆರೆ ಬೀಳುತ್ತೆ."

"ಉಸಿರಾಡ್ಬಹುದಾ?"

"ಮೆಲ್ಲಗೆ."

ಹನ್ನೊಂದು ಹಾಳೆ ಹಾಳಾದವು. ಹನ್ನೆರಡನೆಯದನ್ನು ಅವಳು ನೀರಿನಿಂದ ಎತ್ತಿದಾಗ ಅವನು ಗಾಬರಿಯಾದ.

"ಬಿಳಿಚಿಕೊಂಡಿದೆಯಲ್ಲ! ರಕ್ತವೇ ಇಲ್ಲದ ಹಾಗೆ..."

"ಇರಲಿ. ಒಣಗಲಿ."

ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತು ಕಾದರು. ಬೂದಿ ಬಣ್ಣದ ಹಗಲು. ಕ್ಲಿಪ್ಪಿಗೆ ಸಿಕ್ಕಿಸಿದ ಹಾಳೆ ತುಸುತುಸುವೇ ಸುರುಟಿಕೊಳ್ಳುತ್ತಿತ್ತು.

"ಬೇಗ ಒಣಗಬಾರ್ದು ಅನ್ಸುತ್ತೆ," ಎಂದ ಅವನು.

"ಯಾಕೆ? ಅಮ್ಮ ಕಾಯ್ತಿಲ್ವಾ?"

"ಕಾಯ್ತಿದ್ದಾಳೆ. ಆದ್ರೆ ಇದು ಒಣಗಿದ್ರೆ... ನಾಳೆ ನಿಮ್ಮ ಬಾಗಿಲು ತಟ್ಟೋಕೆ ನನ್ನ ಹತ್ರ ಯಾವ ನೆಪವೂ ಇರಲ್ಲ."

ಅವಳ ಕಣ್ಣು ತುಂಬಿತು. "ನೆಪ ಇಲ್ದೇ ತಟ್ಟಿ," ಎಂದಳು, ನೆಲ ನೋಡುತ್ತಾ.

ಒಳಗಿನಿಂದ ಮಾವ ಕೆಮ್ಮಿದ. ಅದು ನೆಗಡಿಯ ಕೆಮ್ಮಾಗಿರಲಿಲ್ಲ.

ಈ ಸಲ ಪ್ರಿಂಟನ್ನು ಹಗಲು ಬೆಳಕಿನಲ್ಲಿ ಮೂರು ಸಲ ನೋಡಿದ ಮೇಲೆಯೇ ಇಬ್ಬರೂ ಹೊರಟರು.

ತಾಯಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮಗ ಈ ಸಲ ಏನೂ ಹೇಳಲಿಲ್ಲ. ಸುಮ್ಮನೆ ಹಾಳೆಯನ್ನು ಅವರ ಕೈಗಿಟ್ಟ. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬೆಳಕಿಗೆ ಹೊರಳಿಸಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸಾಗಿದರು.

"ಪರದೆ..." ಎಂದರು. "ನಾನೇ ಹೊಲಿದಿದ್ದು. ಅಂಚಿನ ಹೂವೂ ಕಾಣ್ತಿದೆ."

ಹುಡುಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಹೂವು ಕಂಡರೆ ಸಾಲದು... ಮುಖ?

ತಾಯಿಯ ಕಣ್ಣು ಪರದೆಯಿಂದ ನೆರಳಿಗೆ ಇಳಿಯಿತು. ಅಲ್ಲೇ ನಿಂತಿತು. ಬಹಳ ಹೊತ್ತು.

"ಕಳ್ಳಿ..." ಎಂದರು ಕೊನೆಗೆ, ಪಿಸುದನಿಯಲ್ಲಿ. "ನೋಡೋ, ಒಂದು ಕಣ್ಣು ಮುಚ್ಚಿ ನಗ್ತಾ ಇದ್ದಾಳೆ ಕಳ್ಳಿ."

ಮಗ ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟ. ಅವರು ಅವನ ತಲೆ ಸವರಿದರು. "ನೀನು ಸುಳ್ಳು ಹೇಳಿರ್ಲಿಲ್ಲ ಕಣೋ. ನಾನೇ ನಿನ್ನ ನಂಬಲಿಲ್ಲ." ಆಮೇಲೆ ಬಾಗಿಲಿನತ್ತ ತಿರುಗಿದರು. "ಅಲ್ಲಿ ನಿಂತಿರೋದು ಯಾರು?"

"ಇದನ್ನ ಮಾಡಿದವಳಮ್ಮ," ಎಂದ ಅವನು.

"ಹತ್ತಿರ ಬಾ ತಾಯಿ. ಕಣ್ಣಿರುವಾಗಲೇ ನಿನ್ನ ಮುಖಾನೂ ನೋಡಿಬಿಡ್ತೀನಿ."

ಅವಳು ಹೋಗಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಕೂತಳು.

"ಚೆನ್ನಾಗಿ ನೋಡ್ಕೋ ಅಮ್ಮ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತಾ.

"ಯಾಕೋ? ನಾಳೆ ಬರೋದಿಲ್ವಾ ಇವಳು?"

ಅವನು ಅವಳತ್ತ ನೋಡಿದ.

"ಬರ್ತೀನಮ್ಮ," ಎಂದಳು ಅವಳು. "ನಾಳೇನೂ ಬರ್ತೀನಿ."