ಬಿತ್ತುವ ಆಟದ ಕಾಣೆಯಾದ ಹಾಳೆ

ಊಟ ಮುಗಿಸಿ ಬಂದ ಮಂಜುಳಾ ದಾರಕ್ಕೆ ಸಿಗಿಸಿದ್ದ ಹಾಳೆಗಳನ್ನು ತಿರುವಿ ಹಾಕಿದಳು. ಅವಳಿಗೆ ಬೇಕಾದದ್ದು ಇರಲಿಲ್ಲ!

"ಮಿಸ್... ಯಾರೋ ಕದ್ದಾರ್ರಿ!"

ಕಳ್ಳತನ ಎಂಬ ಮಾತು ಕಿವಿಗೆ ಬಿದ್ದರೆ ನಿಜಗುಣಪ್ಪನವರು ಕುಳಿತಲ್ಲಿ ಕೂಡುವವರಲ್ಲ. ಪೊಲೀಸ್ ಹವಾಲ್ದಾರಿಕೆಯಿಂದ ನಿವೃತ್ತರಾಗಿ ನಾಲ್ಕು ವರ್ಷ. ರಾಮದುರ್ಗದ ತಮ್ಮ ಮನೆಯ ಮಾಳಿಗೆಯನ್ನು ಕಂಪ್ಯೂಟರ್ ಕ್ಲಾಸಿಗೆ ಬಿಟ್ಟುಕೊಟ್ಟು, ಕೆಳಗೆ ಕಟ್ಟೆಯ ಮೇಲೆ ಪೇಪರ್ ಓದುವುದೇ ಈಗ ಅವರ ಡ್ಯೂಟಿ. ಧಡಧಡ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

2008ರ ಆ ಭಾನುವಾರ ಮೇಲೆ ನಡೆದಿದ್ದದ್ದು ಗೇಮ್ ಜಾಮ್. ಆರು ಜನ ವಿದ್ಯಾರ್ಥಿಗಳು ಎರಡೇ ದಿನದಲ್ಲಿ ತಲೆಗೊಂದು ಸಣ್ಣ ಕಂಪ್ಯೂಟರ್ ಆಟ ಕಟ್ಟಬೇಕು. ಒಬ್ಬರ ಆಟವನ್ನು ಉಳಿದವರು ಆಡಿ, ಹೆಸರು ಹಾಕದೆ ಅಭಿಪ್ರಾಯ ಬರೆದು ದಾರಕ್ಕೆ ಸಿಗಿಸಬೇಕು. ಕ್ಲಾಸ್ ನಡೆಸುವ ಮೀನಾ ಮಿಸ್ ಹಾಕಿದ ಕಟ್ಟಳೆ ಒಂದೇ: ಮೊದಲು ಮೆಚ್ಚಿದ್ದು, ಆಮೇಲೆ ತಪ್ಪು. ಕಂಪ್ಯೂಟರ್ ಮುಟ್ಟದವರಿಗೂ ಆಟ ತಿಳಿಯಬೇಕೆಂದು, ಕಸ ಹೊಡೆದು ಚಹಾ ಮಾಡುವ ಶಟ್ಟೆವ್ವನನ್ನೂ ಅವರು ನಿನ್ನೆ ಕೂಡಿಸಿ ಆಡಿಸಿದ್ದರು. ಸಂಜೆ ಐದಕ್ಕೆ ಆಟಗಳು ಸಿ.ಡಿ.ಗೆ ಇಳಿದು ಧಾರವಾಡದ ಸ್ಪರ್ಧೆಗೆ ಹೊರಡುತ್ತವೆ. ಆಮೇಲೆ ತಿದ್ದುವಂತಿಲ್ಲ.

ಮಂಜುಳಾಳದು ಬಿತ್ತುವ ಆಟ. ಪರದೆಯ ಮೇಲೆ ಎತ್ತು, ಕೂರಿಗೆ, ಒಂದು ಬುಟ್ಟಿ ಬೀಜ. ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೀಜ ಖಾಲಿ! ಯಾರೂ ಗೆದ್ದಿರಲಿಲ್ಲ, ಕಟ್ಟಿದವಳೂ ಸಹ.

"ಬೀಜ ಇನ್ನೊಂದೀಟು ಹಾಕಬಾರದೇನವಾ?" ಎಂದರು ನಿಜಗುಣಪ್ಪನವರು.

"ಹಾಕಿದ್ರ ಎಲ್ಲಾರೂ ಗೆಲ್ಲತಾರ್ರಿ. ಆಟ ಸಪ್ಪಗಾಗತೈತಿ."

"ಹೋದ ಹಾಳ್ಯಾಗ ಏನಿತ್ತು?"

"ಒಂದ ಸಾಲ ಓದೇನ್ರಿ ಅಜ್ಜಾರ. 'ಉಡಿಯಾನ ಬೀಜ ಯಾಕ ಸಾಲೂದಿಲ್ಲ, ನಂಗ ಗೊತ್ತೈತಿ' ಅಂತ ಇತ್ತು. ಅಷ್ಟರಾಗ ಊಟಕ್ಕ ಕರದ್ರು."

ಉಳಿದ ಹಾಳೆಗಳನ್ನು ಹವಾಲ್ದಾರರು ಕನ್ನಡಕ ಏರಿಸಿ ಓದಿದರು. 'ಭಾರಿ ಐತಿ.' 'ಎತ್ತು ಮಸ್ತ್.' 'ಚಂದ ಐತಿ...' ಐದಕ್ಕೆ ಐದೂ ಬರೀ ಬೆಲ್ಲ.

"ಹೊಗಳಿಕಿ ತಗೊಂಡು ಏನ ಮಾಡ್ಲಿರಿ?" ಮಂಜುಳಾಳ ಕಣ್ಣು ತುಂಬಿತು. "ತಪ್ಪು ಗೊತ್ತಿದ್ದ ಹಾಳಿ ಅದೊಂದ ಇತ್ತು."

ತಪ್ಪು ಮುಚ್ಚಿಡಲು ಅತ್ತವರನ್ನು ನಿಜಗುಣಪ್ಪನವರು ಠಾಣೆಯಲ್ಲಿ ಬೇಕಾದಷ್ಟು ಕಂಡಿದ್ದರು. ತನ್ನ ತಪ್ಪು ತಿಳಿಯಲಿಲ್ಲವಲ್ಲ ಎಂದು ಅಳುವ ಹುಡುಗಿಯನ್ನು ಕಂಡದ್ದು ಇದೇ ಮೊದಲು. ಭಲೇ ಎನಿಸಿತು.

ಎಲ್ಲರ ಕಣ್ಣು ಅರ್ಜುನನ ಮೇಲೆ. ಅವನ ಮೋಟಾರ್ ಆಟಕ್ಕೆ ಎದುರಾಳಿ ಇದೊಂದೇ.

"ನೀ ಏನಪಾ ಒಯ್ದಾಂವ?" ಎಂದರು ಹವಾಲ್ದಾರರು.

"ನಾ ಯಾಕ್ರಿ! 'ಎತ್ತು ಮಸ್ತ್' ಅಂತ ಬರದಾಂವ ನಾನ. ಅಲ್ಲೇ ಐತಿ ನೋಡ್ರಿ."

ಉಳಿದ ನಾಲ್ವರೂ ತಮ್ಮ ತಮ್ಮ ಹಾಳೆ ತೋರಿಸಿದರು. ನಿಜಗುಣಪ್ಪನವರು ಮೀಸೆಯಲ್ಲೇ ನಕ್ಕರು.

"ಆಡಿದ ಹುಡುಗರು ಐದು, ಹಾಳಿನೂ ಐದು. ಹಂಗಾರ ಹೋದದ್ದು ಆರನೇದು. ಅದನ್ನ ಬರದವರು ಯಾರು? ಇನ್ನೊಂದು ಮಾತು— ಚಿತ್ರದಾಗ ಬೀಜ ಎಲ್ಲೈತಿ?"

"ಬುಟ್ಟ್ಯಾಗ್ರಿ."

"ಬರದವರು ಉಡಿ ಅಂದಾರ! ನೌಕರಿ ಸೇರೂಕಿಂತ ಮೊದಲ ನಾನೂ ಎತ್ತು ಹೊಡದಾಂವ. ಸೀರಿ ಉಡ್ಯಾಗ ಬೀಜ ಕಟಗೊಂಡು ಕೂರಿಗಿ ಹಿಂದ ನಡದಾಕಿ ನಮ್ಮ ಮನಿಯಾಕಿ ರಾಚವ್ವ. ಆ ಕೆಲಸ ಹೆಣ್ಮಕ್ಕಳದು. ಇಲ್ಲಿ ಆಟಾನೂ ಆಡಿ, ಹೊಲದಾಗ ಬೀಜಾನೂ ಬಿಟ್ಟಾಕಿ ಒಬ್ಬಾಕೀನ. ಶಟ್ಟೆವ್ವಾ, ಬಾರವಾ ಹೊರಗ!"

ಚಹಾದ ಕೋಣೆಯಿಂದ ಶಟ್ಟೆವ್ವ ಬಂದಳು. ಕೈಯಲ್ಲಿ ಹಾಳೆ, ಪೆನ್ಸಿಲ್ಲು.

"ಕದ್ದಿಲ್ಲರೀ ಯಪ್ಪಾ! ಮೊದಲ ಮೆಚ್ಚಿದ್ದು ಬರೀಬೇಕಂತ ಮಿಸ್ ಬಾಯಾರು ಹೇಳಿದ್ರು. ನಾ ಬರೇ ತಪ್ಪ ಬರದಿದ್ದೆ. ಹುಡುಗಿ ನೊಂದೀತು ಅಂತ ತಿದ್ದಾಕ ಒಯ್ದೆ. ಅಕ್ಷರ ಕಲತದ್ದು ಹ್ವಾದ ವರ್ಷರೀ, ಕೈ ಓಡೂದಿಲ್ಲ. ಅಷ್ಟರಾಗ ಕಳವು ಅಂದ್ರಿ, ಹೊರಗ ಬರಾಕ ಅಂಜಿದೆ."

"ಅದಿರಲಿ ಬೇ, ತಪ್ಪು ಎಲ್ಲೈತಿ ಹೇಳ!" ಮಂಜುಳಾ ಅವಳ ಕೈ ಹಿಡಿದಳು.

"ಹೊಲದ ತುದಿಗೆ ಎತ್ತು ಹಿಂದಕ್ಕ ಹೊಳ್ಳುವಾಗ ನಾವು ಮುಷ್ಟಿ ಮುಚ್ಚತೇವಿ ತಂಗಿ. ನಿನ್ನ ಆಟದಾಗ ಮುಷ್ಟಿ ಮುಚ್ಚಾಕ ಬಟನ್ನ ಇಲ್ಲ. ಹೊಳ್ಳಿದಲ್ಲೆಲ್ಲಾ ಬೀಜ ಚೆಲ್ಲಿ ಹೋಗತಾವು."

ಮಂಜುಳಾ ಓಡಿ ಕಂಪ್ಯೂಟರಿಗೆ ಕುಳಿತಳು. ನಾಲ್ಕೂವರೆಗೆ ಬಟನ್ ಸಿದ್ಧವಾಯಿತು. ಅರ್ಜುನ ಎರಡು ಸಲ ಸೋತು ಮೂರನೆಯ ಸಲ ಗೆದ್ದ. ಬುಟ್ಟಿಯಲ್ಲಿ ಎರಡೇ ಕಾಳು ಉಳಿದಿದ್ದವು. "ಏ, ಈಗ ಖರೇನ ಮಸ್ತ್!" ಎಂದು ಕೂಗಿದ.

ಆಗಲೇ ಮಂಜುಳಾ ಶಟ್ಟೆವ್ವನ ಹಾಳೆ ಬಿಡಿಸಿದ್ದು. ಮೇಲ್ತುದಿಯಲ್ಲಿ ಸೊಟ್ಟ ಅಕ್ಷರದ ಹೊಸ ಸಾಲು— 'ಇಪ್ಪತ್ತ ವರ್ಷ ಕೂರಿಗಿ ಹಿಂದ ನಡದೇನಿ. ಎಲ್ಲಾರೂ ಎತ್ತು ನೋಡತಾರ. ನೀ ಬೀಜ ನೋಡಿದಿ.'

ಅವಳ ಭುಜದ ಮೇಲಿಂದ ನಿಜಗುಣಪ್ಪನವರೂ ಓದಿದರು. ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಏನ ಬೇಕಾಗಿತ್ರಿ?" ಎಂದಳು ರಾಚವ್ವ.

"ಏನಿಲ್ಲ. ಮ್ಯಾಲ ಬಾ. ಒಂದು ಆಟ ಐತಿ, ಇವತ್ತ ಬೀಜ ನಾ ಬಿಡತೇನಿ."