ನೋಂದಣಿ ವೇಳೆ: ರಾತ್ರಿ ಹನ್ನೆರಡು

ಬೆಳಗ್ಗೆ ಎಂಟಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಆಸ್ಪತ್ರೆಗೆ ದಾನಿಯದೊಂದು ಬಂದಿತ್ತು. ಆದರೆ ಕಾಯುವವರ ಪಟ್ಟಿಯಲ್ಲಿ ಮೊದಲಿದ್ದ ಗಂಡ ರಾತ್ರಿ ಬೆಳಗಾಗುವುದರೊಳಗೆ ಎರಡನೆಯವನಾಗಿದ್ದ.

"ಮಧ್ಯಾಹ್ನ ಅದನ್ನ ಬೇರೆಯವ್ರಿಗೆ ಹಾಕ್ಬಿಡ್ತಾರೆ ಸಾರ್. ಇನ್ನೊಂದು ಸಿಗೋವರೆಗೆ ಇವರು ಉಳಿಯಲ್ಲ."

ಕಂಪ್ಯೂಟರ್ ಎಂದರೆ ಇನ್ಸ್‌ಪೆಕ್ಟರಿಗೆ ತಲೆನೋವು. ಆದರೂ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲನನ್ನು ಎಳೆದುಕೊಂಡು ಒಂಬತ್ತೂವರೆಗೆ ಆಸ್ಪತ್ರೆಯ ನೋಂದಣಿ ಕೊಠಡಿಗೆ ಹೋದರು.

ಡೇಟಾಬೇಸ್ ನೋಡಿಕೊಳ್ಳುವವನು ಪಟ್ಟಿ ತೋರಿಸಿದ. ಮೊದಲ ಹೆಸರು ಒಬ್ಬ ಪುಟ್ಟ ಹುಡುಗಿಯದು. ಅವಳೂ ಆ ಹೆಂಗಸಿನ ಗಂಡನೂ ಒಂದೇ ದಿನ ಹೆಸರು ಬರೆಸಿದ್ದರು. ಪಟ್ಟಿಯುದ್ದಕ್ಕೂ ಎಲ್ಲರ ಹೆಸರಿನ ಮುಂದೆ ನೋಂದಣಿಯ ವೇಳೆ ಒಂದೇ, ರಾತ್ರಿ ಹನ್ನೆರಡು ಗಂಟೆ.

"ದಿನ, ವೇಳೆ ಎರಡೂ ಒಂದೇ ಆದ್ರೆ ಚಿಕ್ಕವ್ರಿಗೆ ಮೊದಲು. ನಿಯಮ ಸಾರ್."

"ರಾತ್ರಿ ಹನ್ನೆರಡಕ್ಕೆ ಈ ಕೊಠಡಿ ತೆಗೆದಿರುತ್ತಾ?"

"ಇಲ್ಲ, ಸಂಜೆಗೇ ಬೀಗ."

"ಮತ್ತೆ ದೆವ್ವ ಬಂದು ಬರ್ಕೊಳ್ತಾ?"

ಅವನು ಸ್ಕ್ರೀನಿನತ್ತ ಬೆರಳು ಮಾಡಿದ. "ಒಳಗೆ ದಿನಾಂಕ ಮಾತ್ರ ಇದ್ರೆ, ಸ್ಕ್ರೀನು ತಾನಾಗೇ ಹನ್ನೆರಡು ಅಂತ ತೋರಿಸುತ್ತೆ."

"ಇದ್ದ ವೇಳೆ ಎಲ್ಲಿ ಹೋಯ್ತು?"

ಇನ್ಸ್‌ಪೆಕ್ಟರ್ ಇಬ್ಬರನ್ನು ಪಂಚರಾಗಿ ಕರೆಸಿ, ಅವರ ಎದುರು ಹಿಂದಿನ ದಿನ ಉಳಿಸಿಟ್ಟ ಪ್ರತಿ, ಬ್ಯಾಕಪ್, ತೆರೆಸಿದರು. ಅದರಲ್ಲಿ ವೇಳೆಗಳೆಲ್ಲ ಸರಿಯಾಗಿದ್ದವು: ಗಂಡ ಬೆಳಗ್ಗೆಯೇ ಬಂದಿದ್ದ, ಹುಡುಗಿ ಮಧ್ಯಾಹ್ನ. ರಾತ್ರಿ ಯಾರೋ ಆ ಕಾಲಮ್ಮನ್ನು 'ದಿನಾಂಕ ಮಾತ್ರ' ಎಂದು ಬದಲಿಸಿದ್ದರಿಂದ ಗಂಟೆ, ನಿಮಿಷಗಳು ಒಂದೇ ಏಟಿಗೆ ಮಾಯವಾಗಿದ್ದವು. ಹಾಗೆ ಬದಲಿಸುವ ಪಾಸ್‌ವರ್ಡ್ ಇದ್ದದ್ದು ಒಬ್ಬನ ಬಳಿ ಮಾತ್ರ. ಪಂಚನಾಮೆ ಬರೆದು ಮುಗಿಸುವಷ್ಟರಲ್ಲಿ ಪಟ್ಟಿ ತೋರಿಸಿದವನೇ ಬಾಯಿಬಿಟ್ಟ.

"ಅಕ್ಕನ ಮಗಳು ಸಾರ್. ಅಕ್ಕ ಸಾಯೋವಾಗ ನನ್ನ ಕೈಗೆ ಹಾಕಿ ಹೋದ್ಲು. ದಿನಾ ಕಣ್ಮುಂದೆ ಸೊರಗ್ತಿದಾಳೆ. ಯಾರ ಹೆಸರನ್ನೂ ಅಳಿಸಿಲ್ಲ ನಾನು, ವೇಳೆ ಮಾತ್ರ..."

ಇನ್ಸ್‌ಪೆಕ್ಟರ್ ಅವನ ಮಾತನ್ನೂ ಬರೆದುಕೊಂಡರು. ಸಂಕಟಕ್ಕೆ ಕಾನೂನಿನಲ್ಲಿ ಕಲಮಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವನನ್ನು ಬಂಧಿಸಿದರು. ಪಟ್ಟಿ ಮೊದಲಿನಂತಾಯಿತು.

ಆಪರೇಷನ್ ಕೋಣೆಯ ಹೊರಗೆ ಆ ಹೆಂಗಸು ಕಾಯುತ್ತಿದ್ದಳು. ಸುದ್ದಿ ಕೇಳಿ ಕೈಮುಗಿದು ಬಿಕ್ಕಿಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಕೇಳಿದಳು:

"ಆ ಇನ್ನೊಬ್ರು ಯಾರು ಸಾರ್?"

"ಹನ್ನೊಂದು ವರ್ಷದ ಹುಡುಗಿ."

ಅವಳು ಗಂಡ ಮಲಗಿದ್ದ ಪಕ್ಕದ ಕೋಣೆಯ ಕಡೆ ನೋಡುತ್ತ ದನಿ ತಗ್ಗಿಸಿದಳು.

"ಇವ್ರಿಗೆ ಹೇಳ್ಬೇಡಿ. ಗೊತ್ತಾದ್ರೆ ಒಳಗೆ ಹೋಗಲ್ಲ."